ರಸೂಲ ಎತ್ತದ ಕೈ

ಒದ್ದೆ ಅಂಗಿ ಮೈಗೆ ಅಂಟಿಕೊಂಡಿತ್ತು. ಸುಬಾನಸಾಬ ತಮ್ಮ ರಸೂಲನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಗುಂಡಿ ಬಿಚ್ಚಿ, ಅಂಗಿಯನ್ನು ಹೆಗಲಿನಿಂದ ಕೆಳಕ್ಕೆಳೆದ. ಅದು ಮೊಣಕೈಯ ಹತ್ತಿರ ಬಂದು ನಿಂತಿತು. ಅಂಗಿಯ ಎರಡೂ ತೋಳುಗಳನ್ನು ಮೇಲಕ್ಕೆ ಬಿಗಿಯಾಗಿ ಮಡಚಲಾಗಿತ್ತು.

"ಕತ್ತರಿ ತರ್ಲಾ?" ಎಂದ ಜಮಾಲ್. ಅವನು ಮಸೀದಿಯಲ್ಲಿ ಬಾಂಗ್ ಕೂಗಿ ನಮಾಜಿಗೆ ಕರೆಯುವವನು. ಹೊನ್ನಾಳಿಯ ಪಿಂಜಾರ ಓಣಿಯಲ್ಲಿ ಯಾರು ಸತ್ತರೂ ಮೈ ತೊಳೆಸುತ್ತಿದ್ದವನೂ ಅವನೇ. ಇವತ್ತು ಮಾತ್ರ, ಕುಡುಕನ ಮೈ ಎಂದು, ಬಿಸಿನೀರಿನ ಹಂಡೆ ಬಿಟ್ಟು ಈಚೆ ಬಂದಿರಲಿಲ್ಲ.

"ಬ್ಯಾಡ. ನೀನು ನೀರು ಹಾಕು ಸಾಕು."

ಹಿತ್ತಿಲಲ್ಲಿ ಕೋಲು ನೆಟ್ಟು ಸುತ್ತ ಚಾದರ ಕಟ್ಟಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಚಳಿಗಾಲ. ಹಂಡೆಯ ಹಬೆ ಚಾದರದೊಳಗೇ ಸುತ್ತುತ್ತಿತ್ತು. ಬೆಳಗಿನ ಜಾವ ಹೊಳೆಯಲ್ಲಿ ಬಿದ್ದಿದ್ದ ರಸೂಲನನ್ನು ಬೆಸ್ತರು ಎಳೆದು ದಡಕ್ಕೆ ಹಾಕಿದ್ದರು. ಪೊಲೀಸರು ಬಂದು, ಕುಡಿದು ಕಾಲು ಜಾರಿರಬೇಕು ಎಂದು ಊರು ಹೇಳಿದ್ದನ್ನೇ ಕೇಳಿಕೊಂಡು ಹೋಗಿದ್ದರು.

ಜಮಾಲ್ ಚೊಂಬು ಹಿಡಿದು ಬಗ್ಗಿದವನು ಹೆಣದ ಬಾಯಿಯ ಹತ್ತಿರ ಒಂದು ಗಳಿಗೆ ತಡೆದ. "ವಾಸನೆ ಏನೂ ಬರ್ತಿಲ್ವಲ್ಲ ಸಾಬ್ರೇ."

"ಹೊಟ್ಟೆ ತುಂಬ ಹೊಳೆ ನೀರು ಕುಡ್ದಾನೆ. ಇನ್ನೇನು ವಾಸನೆ ಬರ್ತೈತೆ?" ಎಂದ ಸುಬಾನಸಾಬ.

ಆ ಮಾತು ತನ್ನ ಬಾಯಿಂದಲೇ ಬಂದದ್ದಕ್ಕೆ ಅವನಿಗೆ ಕಸಿವಿಸಿಯಾಯಿತು. ತಲೆ ತಗ್ಗಿಸಿ ತೋಳಿನ ಮಡಿಕೆ ಬಿಡಿಸತೊಡಗಿದ. ಇಂಥ ಚಳಿಯಲ್ಲಿ ಇವನು ಅಂಗಿಯ ತೋಳು ಯಾಕೆ ಮಡಚಿದ್ದ ಎಂಬ ಪ್ರಶ್ನೆ ಮನಸ್ಸಿನ ಬಾಗಿಲಿಗೆ ಬಂತು. ಅವನು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ರಸೂಲನದು ಗಿಡ್ಡ ಮೈ, ಹಗುರ ಮೈ. ಮೂಗು ನಡುವೆ ಕುಸಿದಿತ್ತು. ಹುಬ್ಬುಗಳ ಮೇಲೆ ಹಳೆಯ ಗಾಯಗಳು ಗಂಟುಗಟ್ಟಿದ್ದವು. ಕಿವಿಗಳು ಮುದುಡಿ ಹೋಗಿದ್ದವು. ಎಷ್ಟೋ ವರ್ಷಗಳಿಂದ ಈ ಮುಖವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲವೆಂಬುದು ಸುಬಾನಸಾಬನಿಗೆ ಹೊಳೆಯಿತು.

ಚಾದರದ ಆಚೆ ಯಾರೋ ಕೆಮ್ಮಿದರು. ಬಸ್ಸು ನಿಲ್ಲುವ ಜಾಗದಲ್ಲಿ ಚಾದಂಗಡಿ ಇಟ್ಟಿದ್ದ ಜಂಪಣ್ಣ.

"ಸುಬಾನಣ್ಣ, ಮುಂಜಾನೆ ಬಸ್ಸಿನ ಡ್ರೈವರ್ ಕೈಲಿ ದಾವಣಗೆರೆಗೆ ಸುದ್ದಿ ಕಳಿಸೀನಿ. ಗಾದ್ರಪ್ಪ ಬರ್ತಾನೆ. ಅಲ್ಲಿಗಂಟ ಎತ್ಬ್ಯಾಡ್ರಿ."

"ಯಾವ ಗಾದ್ರಪ್ಪ?"

"ಹತ್ತಿ ಗಿರಣಿ ಗೇಟು ಕಾಯೋನು. ನಿನ್ನ ತಮ್ಮ ಹತ್ತಿ ತರಾಕೆ ಹೋದಾಗೆಲ್ಲ ಅವನ ಮನೇಲೇ ಇಳ್ಕಳ್ತಿದ್ದ."

"ಇಬ್ರೂ ಕುಂತು ಕುಡೀತಿದ್ದ ಮನೆ ಅದು! ಅವನನ್ನ ಯಾಕೆ ಕರೆಸ್ದೆ ಮಾರಾಯ? ಆಗಿರೋ ಮರ್ಯಾದೆ ಸಾಲ್ದಾ?"

"ಕುಡಿಯೋದು ನೀನು ಕಣ್ಣಾರೆ ನೋಡೀಯಾ?"

"ನೋಡೋದೇನೈತೆ? ಅವನು ಓಲಾಡ್ಕಂತ ನಡೆಯೋದು ಊರೆಲ್ಲ ನೋಡಿಲ್ವಾ?"

ಸುಬಾನಸಾಬ ಹೆಣಕ್ಕೆ ಸುತ್ತುವ ಕಫನ್ ಬಟ್ಟೆ ಬಿಚ್ಚುತ್ತ ಜಮಾಲನಿಗೆ ಹೇಳಿದ: "ಮಧ್ಯಾಹ್ನದ ನಮಾಜು ಆದ ಕೂಡ್ಲೆ ಎತ್ತಾನ. ಪ್ಯಾಟೆ ಬೀದಿ ಬ್ಯಾಡ. ಹೊಳೆ ದಾರೀಲಿ ಹೋಗಾನ."

*

ಅಣ್ಣತಮ್ಮಂದಿರಿಬ್ಬರೂ ಅಪ್ಪನ ಹತ್ತಿರ ಹತ್ತಿ ಹಿಂಜುವುದನ್ನು ಕಲಿತವರು. ಸುಬಾನಸಾಬ ಊರಲ್ಲಿ ಉಳಿದ. ರಸೂಲ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಬೆಂಗಳೂರಿನ ದಂಡಿಗೆ ಹೋಗಿ, ಬಿಳಿಯ ಸೋಲ್ಜರುಗಳ ಬ್ಯಾರಕ್ಕಿನಲ್ಲಿ ಹಾಸಿಗೆ ಹೊಲಿಯಲು ನಿಂತ. ಬೆಳಗಿನಿಂದ ಸಂಜೆಯವರೆಗೆ ಕೈ ಬದಲಾಯಿಸದೆ ಬಿಲ್ಲಿನ ಹುರಿಗೆ ಬಡಿಗೆ ಬೀಸುವ ಈ ಸಣ್ಣ ಹುಡುಗನನ್ನು ಒಬ್ಬ ಸಾರ್ಜೆಂಟ್ ಕಂಡ. ತಮಾಷೆಗೆಂದು ಅವನ ಕೈಗೆ ಬಾಕ್ಸಿಂಗಿನ ಗ್ಲೌಸು ತೊಡಿಸಿ ಹಗ್ಗದ ಚೌಕದೊಳಗೆ ನಿಲ್ಲಿಸಿದ. ಮೊದಲ ಗುದ್ದಿಗೇ ರಸೂಲ ಬಿದ್ದ. ಎದ್ದು ನಕ್ಕ. ಎರಡನೆಯ ಗುದ್ದು ಬರುವ ಹೊತ್ತಿಗೆ ಅವನ ಮುಖ ಅಲ್ಲಿರಲಿಲ್ಲ.

ಅವನ ಕಾಲು ಹಾಗಿತ್ತು. ನೆಲಕ್ಕೆ ತಾಗಿದೆಯೋ ಇಲ್ಲವೋ ಎಂಬಂತೆ ಆಡುತ್ತಿತ್ತು. ಕೋಲಾರದ ಗಣಿಯಲ್ಲಿ, ಮದರಾಸಿನಲ್ಲಿ, ಪುಣೆಯಲ್ಲಿ ಅವನು ಆಡಿದ. ಹಗುರ ತೂಕದವರ ಪಂದ್ಯಗಳಲ್ಲಿ ಅವನ ಹೆಸರನ್ನು ಕರೆಯುವಾಗ ಜನ ಬೆಂಚಿನ ಮೇಲೆ ಎದ್ದು ನಿಲ್ಲುತ್ತಿದ್ದರು. ಲೈಟ್‌ವೇಟ್ ಚಾಂಪಿಯನ್ ಪಟ್ಟಕ್ಕೆ ಕೊನೆಯ ಪಂದ್ಯ ಬಂದಾಗ ಅವನೆದುರು ನಿಂತವನು ಜಗಳೂರು ಕಡೆಯ ಕುರಿಗಾಹಿಗಳ ಹಟ್ಟಿಯಿಂದ ಬಂದು, ದಂಡಿನ ಕುದುರೆ ಲಾಯದಲ್ಲಿ ಕೆಲಸ ಮಾಡುತ್ತಿದ್ದ ಗಾದ್ರಪ್ಪ. ಪಂದ್ಯದ ಹಿಂದಿನ ವಾರವೆಲ್ಲ ಇಬ್ಬರೂ ಒಂದೇ ಹೋಟೆಲಿನಲ್ಲಿ ಕೂತು ನಮ್ಮ ಕಡೆ ಮಳೆ ಆಯಿತೇ, ಜೋಳ ಹೇಗಿದೆ ಎಂದು ಮಾತಾಡಿಕೊಂಡಿದ್ದರು.

ಕೊನೆಯ ಸುತ್ತಿಗೆ ಗಾದ್ರಪ್ಪನ ಕಣ್ಣುಗಳೆರಡೂ ಊದಿ ಮುಚ್ಚಿಹೋಗಿದ್ದವು. ಅವನು ರಸೂಲನನ್ನು ಗಾಳಿಯಲ್ಲಿ ಹುಡುಕುತ್ತಿದ್ದ. ರಸೂಲ ಕೈ ಇಳಿಸಿ ತೀರ್ಪು ಹೇಳುವ ಪಂಚನ ಕಡೆ ನೋಡಿದ. ಆಡು ಎಂದು ಪಂಚ ಸನ್ನೆ ಮಾಡಿದ. ಸುತ್ತಲಿನ ಜನ ಕೂಗುತ್ತಿದ್ದರು. ರಸೂಲ ಹೊಡೆದ.

ಗಾದ್ರಪ್ಪನಿಗೆ ಆಸ್ಪತ್ರೆಯಲ್ಲಿ ಪ್ರಜ್ಞೆ ಬರುವವರೆಗೆ ರಸೂಲ ಅವನ ಮಂಚದ ಪಕ್ಕದಲ್ಲೇ ಕೂತಿದ್ದ. ಗೆದ್ದ ಬೆಳ್ಳಿ ಕಪ್ಪು ಮಂಚದ ಕೆಳಗೆ ಉರುಳಿಕೊಂಡಿತ್ತು.

ರಸೂಲ ಆ ಕಪ್ಪನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಊರಿಗೆ ಬಂದಾಗ ಅಪ್ಪ ಬಾಗಿಲಲ್ಲಿ ಹತ್ತಿ ಹಿಂಜುತ್ತಿದ್ದರು. ಹುರಿಯ ಸದ್ದು ನಿಂತಿತು.

"ಯಾರನ್ನ ಹೊಡೆದು ತಂದಿದ್ದು ಇದು?"

"ಆಟ ಅಪ್ಪ ಅದು."

"ಎಲ್ಲಿಗೆ ಹೊಡೀತೀರಿ?"

ರಸೂಲ ತನ್ನ ಕೆನ್ನೆ ಮುಟ್ಟಿ ತೋರಿಸಿದ.

"ಅಲ್ಲಾ ಕೊಟ್ಟ ಮುಖ ಅದು. ದನಕ್ಕೂ ಮುಖಕ್ಕೆ ಹೊಡಿಯಬಾರದು ಅಂತಾರೆ" ಎಂದು ಅಪ್ಪ ಮತ್ತೆ ಬಡಿಗೆ ಎತ್ತಿಕೊಂಡರು. ಕಪ್ಪಿನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ರಸೂಲ ಮನೆಯಲ್ಲಿ ಆಟದ ಮಾತು ಎತ್ತಲಿಲ್ಲ. ದಂಡಿಗೆ ಹೋಗಿ ಆಡುವುದನ್ನು ಬಿಡಲೂ ಇಲ್ಲ. ಚಾಂಪಿಯನ್ನನ್ನು ಕೆಡವಲು ಎಲ್ಲ ಕಡೆಯಿಂದಲೂ ಹುಡುಗರು ಬಂದರು. ಮೊದಮೊದಲು ಅವರ ಗುದ್ದು ತಾಗುತ್ತಿರಲಿಲ್ಲ. ಬರಬರುತ್ತ ತಾಗತೊಡಗಿತು. ಮದರಾಸಿನಲ್ಲಿ ಒಬ್ಬ ಎಳೆಯ ಹುಡುಗನಿಗೆ ಪಟ್ಟ ಬಿಟ್ಟುಕೊಟ್ಟ ಮೇಲೆ ಆಟ ತೋರಿಸುವ ಡೇರೆ ಕಂಪನಿಯವರು ಅವನನ್ನು ಊರೂರಿಗೆ ಕರೆದೊಯ್ದರು. ಹಳೆಯ ಚಾಂಪಿಯನ್ನನ್ನು ಹೊಡೆಯಲು ಬನ್ನಿ ಎಂದು ತಮಟೆ ಬಾರಿಸುತ್ತಿದ್ದರು. ಬಂದವರೆಲ್ಲ ಹೊಡೆದು ಹೋದರು.

ಅಪ್ಪ ತೀರಿಕೊಂಡ ಸುದ್ದಿಗೆ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಅಪ್ಪನ ಬಿಲ್ಲು ಹಿಡಿದ. ಬಸವಾಪಟ್ಟಣದ ಖಮರುನ್ನೀಸಾಳನ್ನು ಮದುವೆಯಾದ. ಅವನ ಮಾತು ಕಡಿಮೆಯಿತ್ತು, ಮೃದುವಾಗಿತ್ತು. ಹಾಸಿಗೆ ಹೊಲಿಸಲು ಜನ ಅವನನ್ನೇ ಕೇಳಿಕೊಂಡು ಬರುತ್ತಿದ್ದರು. ಆಮೇಲೆ ಅವನ ನಾಲಿಗೆ ತೊಡರತೊಡಗಿತು. ನಡಿಗೆ ಓಲಾಡತೊಡಗಿತು.

*

ಮಧ್ಯಾಹ್ನದ ಬಸ್ಸಿನಿಂದ ಗಾದ್ರಪ್ಪ ಇಳಿದ. ಜಂಪಣ್ಣ ರಟ್ಟೆ ಹಿಡಿದು ಓಣಿಗೆ ಕರೆತಂದ. ಕಾಲು ಅಗಲ ಮಾಡಿಕೊಂಡು, ಗೋಡೆಯಿಂದ ಗೋಡೆಗೆ ವಾಲುತ್ತ ಬಂದ ಗಾದ್ರಪ್ಪ ಬಾಗಿಲಲ್ಲಿಟ್ಟಿದ್ದ ನೀರಿನ ಕೊಡಕ್ಕೆ ಎಡವಿದ. ಕೊಡ ಉರುಳಿ ಅಂಗಳವೆಲ್ಲ ನೀರಾಯಿತು.

"ಬಂದ ನೋಡ್ರಿ ಜೊತೆಗಾರ" ಎಂದಿತು ಕೂತವರಲ್ಲಿ ಒಂದು ದನಿ. "ಮಣ್ಣಿಗೂ ಕುಡ್ದೇ ಬಂದಾನೆ."

ಜಮಾಲ್ ಎದ್ದು ಅಡ್ಡ ನಿಂತ. "ಇದು ಮಯ್ಯತ್ ಮನೆ, ಸಾವಿನ ಮನೆ ಕಣಪ್ಪ. ಹಿಂದಕ್ಕೆ ಹೋಗು."

ಗಾದ್ರಪ್ಪ ಬಾಯಿ ತೆರೆದ. ಮಾತು ಬರಲು ಹೊತ್ತು ಹಿಡಿಯಿತು. "ಮಕ... ಮಕ ನೋಡ್ತೀನ್ರಿ. ಒಂದ್ಸಲ."

ಎಲ್ಲರೂ ಸುಬಾನಸಾಬನ ಕಡೆ ನೋಡಿದರು. ಮಸೀದಿಯ ಆಡಳಿತ ನೋಡುವ ಮುತವಲ್ಲಿ ಅವನು. ಅವನ ಮನೆಯ ಮರ್ಯಾದೆ ಅಂಗಳದ ಕೆಸರಿನಲ್ಲಿ ನಿಂತು ಓಲಾಡುತ್ತಿತ್ತು. ಅವನು ಎದ್ದು ಬಂದು ಗಾದ್ರಪ್ಪನ ಅಂಗಿಯ ಕಾಲರು ಹಿಡಿದು ಹೊರಗೆ ದಬ್ಬಲು ಹೋದ.

ಮುಖ ಹತ್ತಿರ ಬಂತು. ಎಲೆಯಡಿಕೆಯ ವಾಸನೆ, ಗಿರಣಿಯ ಎಣ್ಣೆಯ ವಾಸನೆ. ಬೇರೆ ವಾಸನೆ ಇರಲಿಲ್ಲ. ಹುಬ್ಬಿನ ಮೇಲೆ ಗಂಟುಗಟ್ಟಿದ ಗಾಯ. ಮುದುಡಿದ ಕಿವಿ. ನಡುವೆ ಕುಸಿದ ಮೂಗು. ಬೆಳಿಗ್ಗೆ ತಾನು ತೊಳೆದ ಮುಖವೇ ಬೇರೊಬ್ಬನ ಕೊರಳ ಮೇಲೆ ಕೂತಿತ್ತು.

ಸುಬಾನಸಾಬನ ಕೈ ಕಾಲರನ್ನು ಬಿಟ್ಟಿತು.

*

ಅದು ಹಿಂದಿನ ವರ್ಷದ ರಂಜಾನ್ ಹಬ್ಬದ ದಿನ. ಊರಾಚೆಯ ಈದ್ಗಾದಲ್ಲಿ ನಮಾಜಿನ ಸಾಲುಗಳು ನಿಂತಿದ್ದವು. ರಸೂಲ ಬಿಳಿ ಅಂಗಿ ತೊಟ್ಟು ಮೂರನೆಯ ಸಾಲಿನಲ್ಲಿದ್ದ. ಮೊದಲಿಂದಲೂ ಅವನು ಓಲಾಡುತ್ತಿದ್ದುದನ್ನು ಅಕ್ಕಪಕ್ಕದವರು ನೋಡಿದ್ದರು. ಬಗ್ಗಿದಾಗ ಅವನು ಮುಂದಿನವನ ಬೆನ್ನ ಮೇಲೆ ಬಿದ್ದ. ಆ ಮನುಷ್ಯನೂ ಬಿದ್ದ. ಸಾಲು ಚೆದುರಿತು.

ನಮಾಜು ಮುಗಿದದ್ದೇ ಜನ ಸುತ್ತುಗಟ್ಟಿದರು. "ಹಬ್ಬದ ದಿನಾನೂ ಕುಡಿಯೋದಾ?" "ಮುತವಲ್ಲಿ ತಮ್ಮ ಅಂತ ಸುಮ್ನಿರಬೇಕಾ?"

ಸುಬಾನಸಾಬ ಜನರನ್ನು ದಾಟಿಕೊಂಡು ಬಂದು ತಮ್ಮನ ಕೆನ್ನೆಗೆ ಹೊಡೆದ.

ರಸೂಲನ ಕೈಗಳು ಎದೆಯ ಮಟ್ಟಕ್ಕೆ ಎದ್ದವು. ಎಡಗೈ ಮುಂದೆ, ಬಲಗೈ ಗಲ್ಲದ ಹತ್ತಿರ. ಅಷ್ಟು ಹೊತ್ತು ನಿಲ್ಲಲಾರದೆ ಓಲಾಡುತ್ತಿದ್ದವನು ಆ ಒಂದು ಗಳಿಗೆ ನೆಟ್ಟಗೆ ನಿಂತ. ಸುತ್ತಲಿದ್ದವರು ಹಿಂದೆ ಸರಿದರು. ಅವನು ಅಣ್ಣನ ಮುಖ ನೋಡಿದ. ಆಮೇಲೆ ಕೈಗಳನ್ನು ಇಳಿಸಿ ಪಕ್ಕಕ್ಕೆ ಬಿಟ್ಟುಕೊಂಡ.

ಸುಬಾನಸಾಬ ಇನ್ನೊಂದು ಹೊಡೆದ.

"ಇನ್ನು ಮ್ಯಾಲೆ ಮಸೀದಿ ಮೆಟ್ಲು ಹತ್ತಬ್ಯಾಡ."

"ಹೂಂ ಅಣ್ಣ" ಎಂದ ರಸೂಲ. ಬಿದ್ದಿದ್ದ ಟೋಪಿಯನ್ನು ಎತ್ತಿಕೊಳ್ಳಲು ಬಗ್ಗಿದ. ಕೈಗೆ ಸಿಗಲಿಲ್ಲ. ಮತ್ತೆ ಬಗ್ಗಿದ. ಯಾರೋ ನಕ್ಕರು. ಟೋಪಿಯನ್ನು ಅಲ್ಲೇ ಬಿಟ್ಟು ಹೋದ.

*

ಗಾದ್ರಪ್ಪನನ್ನು ಜಂಪಣ್ಣ ಜಗಲಿಯ ಮೇಲೆ ಕೂರಿಸಿದ. ಸುಬಾನಸಾಬ ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಕುಡ್ದೀಯಾ?" ಎಂದು ಸುಬಾನಸಾಬ ಮೆಲ್ಲಗೆ ಕೇಳಿದ.

"ಇಲ್ರಿ. ಪೆಟ್ಟು." ಗಾದ್ರಪ್ಪ ನಡುಗುವ ಬೆರಳನ್ನು ತಲೆಗೆ ತಾಗಿಸಲು ಹೋದ. ಅದು ಕಿವಿಗೆ ತಾಗಿತು. "ಆಡ್ದಾಗ ತಿಂದ ಪೆಟ್ಟು... ಒಳಗೆ ಕುಂತೈತೆ. ಡಾಕ್ಟ್ರು ಅಂದ್ರು. ನಡಿಗೆ ಹೋಗ್ತೈತೆ, ಮಾತು ಹೋಗ್ತೈತೆ. ನನಗೆ ಮೊದ್ಲು ಬಂತು. ಆಮ್ಯಾಲೆ ಅವನಿಗೆ."

"ಅವನಿಗೆ ಗೊತ್ತಿತ್ತಾ ಇದು?"

"ಗೊತ್ತಿತ್ರಿ. ಇಬ್ರನ್ನೂ ಒಟ್ಟಿಗೆ ಕೂರಿಸ್ಕಂಡು ಹೇಳಿದ್ರು."

"ನನಗೆ ಒಂದು ಮಾತು ಹೇಳ್ಲಿಲ್ವಲ್ಲೋ. ಈದ್ಗಾದಾಗೆ... ಒಂದು ಮಾತು ಅಂದಿದ್ರೆ..."

ಗಾದ್ರಪ್ಪ ತಲೆಯಾಡಿಸಿದ. ಅದು ಹೌದೋ ಅಲ್ಲವೋ ತಿಳಿಯುವಂತಿರಲಿಲ್ಲ. "ನಾಚ್ಕೆರಿ ಅವನಿಗೆ. ನನಗೆ ಹಿಂಗಾಗಿದ್ದು ತನ್ನ ಕೈಯಿಂದ ಅಂತ. ನಾನು ಅಲ್ಲೋ ಮಾರಾಯ ಅಂದೆ. ಎಷ್ಟು ಜನ ಹೊಡೆದಾರೆ ನನ್ನ, ನೀನೊಬ್ಬನೇನಾ ಅಂದೆ. ಕೇಳ್ಲಿಲ್ಲ. ಬಂದಾಗೆಲ್ಲ ನನಗೆ ಸ್ನಾನ ಮಾಡಿಸ್ತಿದ್ದ. ಗಡ್ಡ ಕೆರೀತಿದ್ದ. ಅವನ ಕೈಯೂ ನಡುಗ್ತಿತ್ತಲ್ರಿ... ಕೊಯ್ದು ಹಾಕ್ತಿದ್ದ." ಅವನ ಮುಖ ಒಂದು ಕಡೆಗೆ ಸೊಟ್ಟಗಾಯಿತು. ನಗುತ್ತಿದ್ದಾನೆಂದು ತಿಳಿಯಲು ಸುಬಾನಸಾಬನಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಮನೇಲಿ ಹೇಳು ಅಂದ್ರೆ, ಕುಡುಕ ಅನ್ನಲಿ ಬಿಡು ಅಂತಿದ್ದ. ನಮ್ಮಪ್ಪ ಬ್ಯಾಡ ಅಂದ ಕೆಲಸ ಮಾಡಿ ಹಿಂಗಾದೆ ಅನ್ನೋದಕ್ಕಿಂತ ಅದೇ ಮೇಲು ಅಂತ."

ಬಾಗಿಲ ಪರದೆಯ ಹಿಂದೆ ಬಳೆಗಳ ಸದ್ದಾಯಿತು. ರಸೂಲನ ಹೆಂಡತಿ ಖಮರುನ್ನೀಸಾ ಅಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಳು.

"ಭಾವ" ಎಂದಳು. "ದಿನಾ ರಾತ್ರಿ ನಾನು ಅವರ ಬಾಯಿ ಮೂಸ್ತಿದ್ದೆ. ನಿದ್ದೆ ಬಂದೈತೆ ಅಂದ್ಕಂಡು ಮೂಸ್ತಿದ್ದೆ. ಒಂದು ದಿನಾನೂ ವಾಸನೆ ಬರ್ಲಿಲ್ಲ. ಆದ್ರೂ ನಂಬ್ಲಿಲ್ಲ. ಎಲ್ಲೋ ಏಲಕ್ಕಿ ತಿಂದು ಬಂದಾರೆ ಅಂದ್ಕಂಡೆ."

ಅವಳು ಪರದೆಯ ಅಂಚನ್ನು ಹಿಡಿದುಕೊಂಡಳು.

"ಅವರಿಗೆ ಎಚ್ಚರ ಇರ್ತಿತ್ತು ಭಾವ. ಈಗ ತಿಳೀತೈತೆ. ನಾನು ಬಗ್ಗಿದ ಕೂಡ್ಲೆ ಕಣ್ಣು ಮುಚ್ಕಂಡೇ ಬಾಯಿ ತೆಗೀತಿದ್ರು."

ಅವಳ ಪಕ್ಕದಲ್ಲಿದ್ದ ಸುಬಾನಸಾಬನ ಹೆಂಡತಿ ಮೆಹರಾಜ್ ಬೇಗಂ ಅವಳನ್ನು ಒಳಗೆ ಎಳೆದುಕೊಂಡಳು. ಖಮರುನ್ನೀಸಾ ಅಲ್ಲಿಂದಲೇ ಕೂಗಿದಳು: "ಅವರ ಕಪ್ಪನ್ನ ನಾನು ಹೊಳೆಗೆ ಹಾಕ್ದೆ. ಕುಡಿಯೋ ಬಿಳಿ ಜನ ಕೊಟ್ಟಿದ್ದು, ಅದೇ ಕುಡಿತ ಕಲಿಸ್ತು ಅಂತ ಹಾಕ್ದೆ. ನಾನು ಹಾಕೋದನ್ನ ನೋಡ್ಕಂತ ನಿಂತಿದ್ರು."

ಸುಬಾನಸಾಬ ಜಂಪಣ್ಣನ ಕಡೆ ತಿರುಗಿದ. "ಹೊಳೇಲಿ ಎಲ್ಲಿ ಸಿಕ್ಕ?"

"ಕಲ್ಲು ಮೆಟ್ಲ ಹತ್ರ."

"ಅಷ್ಟು ಹೊತ್ತಾರೆ ಅಲ್ಲೇನು ಕೆಲಸ ಇತ್ತು ಅವನಿಗೆ?"

ಜಂಪಣ್ಣ ಅವನನ್ನು ಬೆರಗಿನಿಂದ ನೋಡಿದ. "ದಿನಾ ಅಲ್ಲೇ ಅಲ್ವಾ ಅವನು ನಮಾಜು ಮಾಡ್ತಿದ್ದುದು? ಅಂಗಡಿ ತೆಗೆಯಾಕೆ ಬರುವಾಗ ನೋಡ್ತಿದ್ದೆ. ಮೆಟ್ಲಿಗೆ ಬಗ್ಗಿ ಕೈಕಾಲು ತೊಳ್ಕಂಡು, ಮರಳ ಮ್ಯಾಲೆ ಟವಲ್ ಹಾಸ್ಕಂಡು ಒಬ್ನೇ ನಿಲ್ತಿದ್ದ. ನೀನು ಮಸೀದಿಗೆ ಬರಬ್ಯಾಡ ಅಂದ ಮ್ಯಾಲೆ ಇನ್ನೆಲ್ಲಿ ಮಾಡ್ತಾನೆ? ನಿನಗೆ ಗೊತ್ತೈತೆ ಅಂದ್ಕಂಡಿದ್ದೆ."

ಬೆಳಿಗ್ಗೆ ಬಾಗಿಲಲ್ಲೇ ತಡೆದಿದ್ದ ಪ್ರಶ್ನೆ ಈಗ ತಾನಾಗಿ ಒಳಗೆ ಬಂತು. ಮೊಣಕೈಯಿಂದ ಮೇಲಕ್ಕೆ ಮಡಚಿದ ತೋಳು. ನಮಾಜಿಗೆ ಕೈ ತೊಳೆಯಲು ಬಗ್ಗಿದವನು, ಓಲಾಡುವವನು, ಹಿಡಿದುಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲದವನು. ಮಸೀದಿಯ ನೀರಿನ ತೊಟ್ಟಿಯ ಮುಂದೆ ಕೂರುವುದಕ್ಕೆ ಕಟ್ಟೆಯಿದೆ. ಹೋದ ವರ್ಷವೇ ಸುಬಾನಸಾಬ ಮುಂದೆ ನಿಂತು ಕಟ್ಟಿಸಿದ್ದ. ವಯಸ್ಸಾದವರು ಜಾರಿ ಬೀಳಬಾರದು ಎಂದು.

ಅವನು ಗಾದ್ರಪ್ಪನ ಕೈ ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದ. ಮುಖದ ಮೇಲಿನ ಕಫನ್ ಸರಿಸಿದ. ಗಾದ್ರಪ್ಪ ಬಗ್ಗಿ ನೋಡಿ, ರಸೂಲನ ಕೆನ್ನೆಯನ್ನು ಒಂದು ಬೆರಳಿನಿಂದ ಮುಟ್ಟಿ, "ಹೋಗ್ ಬಾ ಚಾಂಪಿಯನ್" ಎಂದ. ಆ ಮಾತು ಮಾತ್ರ ತೊಡರದೆ ಬಂತು.

*

ಹೆಣ ಹೊತ್ತ ಜನಾಜಾ ಎದ್ದಾಗ ಪೇಟೆ ಬೀದಿಯಲ್ಲೇ ಹೋಗೋಣ ಎನ್ನಬೇಕೆಂದು ಸುಬಾನಸಾಬ ಬಾಯಿ ತೆರೆದ. ಹೊತ್ತವರು ಆಗಲೇ ಅವನು ಬೆಳಿಗ್ಗೆ ಹೇಳಿದ್ದ ಹೊಳೆ ದಾರಿಗೆ ತಿರುಗಿದ್ದರು. ಅವನೂ ಹಿಂದೆ ನಡೆದ. ಮನೆಗಳ ಹಿಂಬದಿಯ ತಿಪ್ಪೆಗಳನ್ನು ದಾಟಿ, ಕದ್ದು ಸಾಗಿಸುವವರಂತೆ ಅವರು ರಸೂಲನನ್ನು ಒಯ್ದರು.

ಖಬರಸ್ತಾನದಲ್ಲಿ ನಮಾಜು ನಡೆಸುವ ಪೇಶ್ ಇಮಾಮರು ಸುಬಾನಸಾಬನನ್ನು ಮುಂದೆ ಕರೆದರು. ಸತ್ತವನಿಂದ ಯಾರಿಗಾದರೂ ನೋವಾಗಿದ್ದರೆ ಮಾಫ್ ಮಾಡಬೇಕೆಂದು ಮನೆಯ ಹಿರಿಯ ಕೇಳಿಕೊಳ್ಳುವುದು ಪದ್ಧತಿ. ಅವನು ಜನರ ಮುಂದೆ ನಿಂತ.

"ನನ್ನ ತಮ್ಮನಿಂದ..." ಎಂದ.

ಈದ್ಗಾದಲ್ಲಿ ಸುತ್ತುಗಟ್ಟಿದ್ದ ಮುಖಗಳೇ ಎದುರಿಗಿದ್ದವು. ಅವೂ ನೆಲ ನೋಡುತ್ತಿದ್ದವು. ಅವನು ಮತ್ತೊಮ್ಮೆ "ನನ್ನ ತಮ್ಮನಿಂದ" ಎಂದ. ಮುಂದಿನ ಮಾತನ್ನು ಇಮಾಮರೇ ಹೇಳಿ ಮುಗಿಸಬೇಕಾಯಿತು.

*

ಸಂಜೆಯ ಬಸ್ಸು ಹೊರಡಲು ನಿಂತಿತ್ತು. ಇದ್ದಿಲು ಹಾಕಿ ಓಡಿಸುವ ಅದರ ಹೊಗೆ ಹಿಂದೆ ಕವಿದಿತ್ತು. ಸುಬಾನಸಾಬ ಗಾದ್ರಪ್ಪನನ್ನು ಹಿಡಿದುಕೊಂಡು ಬಾಗಿಲ ಹತ್ತಿರ ತಂದ. ಕಂಡಕ್ಟರ್ ಮೆಟ್ಟಿಲಿಗೆ ಕೈ ಅಡ್ಡ ಇಟ್ಟ.

"ಕುಡಿದೋರನ್ನ ಹತ್ತಿಸ್ಕಳಲ್ಲ ಸಾಬ್ರೇ. ಬರುವಾಗ ಬಸ್ಸಿನಾಗೆ ಒಬ್ರ ಮೈಮ್ಯಾಲೆ ಬಿದ್ದಾನೆ ಇವನು. ಜನ ಬೈತಾರೆ."

"ಕುಡ್ದಿಲ್ಲ. ಕಾಯಿಲೆ ಅವರಿಗೆ."

"ಎಲ್ರೂ ಹಂಗೇ ಅಂತಾರೆ."

ಬಸ್ಸಿನಲ್ಲಿ ಕೂತವರು ಕಿಟಕಿಯಿಂದ ಇಣುಕಿದರು. ಅವರಲ್ಲಿ ಪರಿಚಯದವರಿದ್ದರು. ಮುತವಲ್ಲಿ ಕುಡುಕನೊಬ್ಬನ ಸೊಂಟ ಬಳಸಿ ನಿಂತಿರುವುದನ್ನು ಎಲ್ಲರೂ ನೋಡುತ್ತಿದ್ದರು. ಸುಬಾನಸಾಬನ ಕಿವಿ ಬಿಸಿಯಾಯಿತು. ತನಗೆ ಈಗಲೂ ನಾಚಿಕೆಯಾಗುತ್ತಿದೆಯಲ್ಲ ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯ ಬಂತು.

"ನಾನೂ ಬರ್ತೀನಿ. ಬಿದ್ರೆ ನನ್ನ ಮೈಮ್ಯಾಲೆ ಬೀಳಲಿ" ಎಂದ.

"ಮಣ್ಣು ಮಾಡಿದ ದಿನ ಮನೆ ಬಿಟ್ಟು ಹೋಗ್ತಾರಾ ಸುಬಾನಣ್ಣ?" ಎಂದ ಹಿಂದೆ ನಿಂತಿದ್ದ ಜಂಪಣ್ಣ.

"ಮನೇಲಿ ಹೇಳು. ಬೆಳಿಗ್ಗೆ ಬರ್ತೀನಿ."

ಅವನು ಬಗ್ಗಿ ಗಾದ್ರಪ್ಪನ ಒಂದು ಕಾಲನ್ನು ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟ, ಆಮೇಲೆ ಇನ್ನೊಂದು. ಹಿಂದಿನ ಬೆಂಚಿನಲ್ಲಿದ್ದವರು ಎದ್ದು ಬೇರೆ ಕಡೆ ಒತ್ತಿಕೊಂಡು ಕೂತರು. ಖಾಲಿಯಾದ ಬೆಂಚಿನಲ್ಲಿ ಇಬ್ಬರೇ ಕೂತರು.

ಊರು ದಾಟುವ ಮೊದಲೇ ಗಾದ್ರಪ್ಪನಿಗೆ ನಿದ್ದೆ ಬಂತು. ಬಸ್ಸು ಕುಲುಕಿದಂತೆ ಅವನ ತಲೆ ಜಾರಿ ಸುಬಾನಸಾಬನ ಹೆಗಲಿಗೆ ಬಂದು ನಿಂತಿತು. ಬಾಯಿ ತೆರೆದುಕೊಂಡಿತ್ತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ಸೆರಗನ್ನು ಮೂಗಿಗೆ ಹಿಡಿದುಕೊಂಡಳು. ಸುಬಾನಸಾಬ ಅವಳ ಕಣ್ಣನ್ನು ಎದುರಿಸಲಾರದೆ ಹೊರಗೆ ನೋಡಿದ. ಆದರೆ ಹೆಗಲನ್ನು ಕದಲಿಸಲಿಲ್ಲ. ಗಾದ್ರಪ್ಪನ ಬಾಯಿಂದ ಜೊಲ್ಲು ಇಳಿದು ಅವನ ಬಿಳಿ ಅಂಗಿ ಮೆಲ್ಲಗೆ ಒದ್ದೆಯಾಗುತ್ತಿತ್ತು.